ನಾಲ್ಕೂವರೆ ಸರಪಳಿ ಉದ್ದ, ಎರಡೂವರೆ ಅಗಲ

ನಾಗಮಂಗಲ ತಾಲ್ಲೂಕಿನ ದೇವಲಾಪುರದಿಂದ ಮೂಡಲಿಗೆ ಹೋಗುವ ಗಾಡಿಜಾಡಿನ ಎಡಕ್ಕೆ ಒಂದು ಹೊಲವಿದೆ. ಆ ಹೊಲದ ವಾಯವ್ಯ ಮೂಲೆಯಲ್ಲಿ, ಗಡಿ ಗುರುತಿಗೆ ನೆಟ್ಟ ಬಾಂದು ಕಲ್ಲಿನ ಪಕ್ಕದಲ್ಲಿ, ಅಳತೆ ಸರಪಳಿಯ ಹಿತ್ತಾಳೆ ಹಿಡಿಯನ್ನು ಕೈಯಲ್ಲಿ ಹಿಡಿದು ನಾನು ನಿಂತಿದ್ದೆ. ತೊಂಬತ್ತರ ದಶಕದ ಮೊದಲ ಭಾಗ. ರಾಗಿ ಕೊಯ್ದು ಮೆದೆ ಹಾಕಿ ಆಗಿತ್ತು. ಬೆಳಗಿನ ಬಸ್ಸು ಇಳಿದು ನಡೆದು ಬಂದು, ಅಳತೆಯ ಮೊದಲ ಸುತ್ತು ಮುಗಿದಿತ್ತು. ನಾನಿದ್ದ ಜಾಗಕ್ಕೂ ಪಕ್ಕದ ಹೊಲದ ಹುಣಸೆಮರಕ್ಕೂ ನಡುವೆ ನೂರೈವತ್ತು ಅಡಿಗೆ ಕಡಿಮೆ ಇರಲಿಲ್ಲ. ಅಲ್ಲಿಂದ ನಾನು ಕಂಡದ್ದನ್ನು ಕಂಡದ್ದು ಎಂದೂ, ಕಾಣದೆ ಆಮೇಲೆ ಕೇಳಿ ತಿಳಿದದ್ದನ್ನು ಕೇಳಿದ್ದು ಎಂದೂ ಬೇರೆ ಬೇರೆ ಹೇಳುತ್ತೇನೆ. ಮೊದಲು ನನಗೆ ಕೇಳಿಸಿದ್ದು ಗರಗಸದ ಸದ್ದು. ಆಮೇಲೆ ಕಂಡದ್ದು, ಆ ಗರಗಸದ ಹಲ್ಲಿಗೆ ಗೇಣು ದೂರದಲ್ಲಿ, ನನ್ನ ಜೊತೆ ಕೆಲಸ ಕಲಿಯುತ್ತಿದ್ದ ಹುಡುಗನ ಕೈ.

ಭೂಮಾಪನದ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕೈಯಲ್ಲಿ ಈಗ ಇರುವ ಯಂತ್ರಗಳು ನಮ್ಮ ಕೈಯಲ್ಲಿ ಇರಲಿಲ್ಲ. ನಮಗಿದ್ದದ್ದು ಮೂವತ್ಮೂರು ಅಡಿಯ ಕಬ್ಬಿಣದ ಸರಪಳಿ. ಅದನ್ನು ಹದಿನಾರು ಆಣೆ ಮಾಡಿದ್ದರು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ ಆ ಜಾಗ ಒಂದು ಗುಂಟೆ. ಗುಂಟೆಗೂ ಹದಿನಾರು ಆಣೆ. ಹೊಲಗಳನ್ನು ಮಾತ್ರ ಯಾರೂ ಸರಪಳಿ ಹಿಡಿದು ಮಾಡಿರಲಿಲ್ಲ. ಹಾಗಾಗಿ ನಮ್ಮ ಪಾಲಿಗೆ ಪೂರ್ಣ ಸಂಖ್ಯೆ ಬರುತ್ತಿದ್ದದ್ದು ಅಪರೂಪ. ಮೂರೂಕಾಲು, ಐದೂವರೆ, ಏಳೂ ಮುಕ್ಕಾಲು, ಅರೆಕಾಲು, ಇವೇ ನಮ್ಮ ಅನ್ನ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ಬಿಟ್ಟು ನಾನು ಹೊರಗೆ ಕೆಲಸ ಮಾಡಲಿಲ್ಲ. ಒಂದೊಂದು ಕಡೆ ಒಂದೊಂದು ಬಗೆಯ ಕಷ್ಟ. ಪಾಂಡವಪುರದ ಕ್ಯಾತನಹಳ್ಳಿ ಕಡೆ ಆಳೆತ್ತರದ ಕಬ್ಬು. ಸರಪಳಿಯ ಒಂದು ತುದಿ ಹಿಡಿದವನಿಗೆ ಇನ್ನೊಂದು ತುದಿಯವನು ಕಾಣನು; ಕೂಗಿಗೆ ಕೂಗು ಕೊಟ್ಟುಕೊಂಡೇ ಅಳೆಯಬೇಕು. ಅಲ್ಲೊಮ್ಮೆ ಒಂದು ವಿಚಿತ್ರ ನಡೆಯಿತು. ಯಾರ ಹೊಲ ಅಳೆದರೂ ಕಮ್ಮಿ ಬರತೊಡಗಿತು. ಇವನಿಗೆ ಕಮ್ಮಿಯಾದದ್ದು ಪಕ್ಕದವನು ಒತ್ತಿದ್ದಕ್ಕೆ ಎಂದು ಪಕ್ಕದವನದನ್ನು ಅಳೆದರೆ ಅವನಿಗೂ ಕಮ್ಮಿ. ಊರಿನ ಭೂಮಿಯೇ ಕುಗ್ಗಿಹೋಗಿತ್ತು. ಅಕ್ಕಪಕ್ಕದವರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರು. ಕೊನೆಗೆ ನಮ್ಮ ಸೂಪರ್‌ವೈಸರು ನಂಜುಂಡಯ್ಯನವರು ಬಂದು, ಕಚೇರಿಯ ಜಗಲಿಯ ಮೇಲೆ ಮೂವತ್ಮೂರು ಅಡಿ ದೂರಕ್ಕೆ ಹೊಡೆದಿದ್ದ ಎರಡು ಮೊಳೆಗಳ ನಡುವೆ ಸರಪಳಿ ಹಾಸಿಸಿದರು. ಸರಪಳಿ ಮೊಳೆ ದಾಟಿ ಹೊರಗೆ ಬಿತ್ತು; ಸರಪಳಿ ಬೆಳೆದಷ್ಟೂ ಹೊಲ ಕಮ್ಮಿ ಬಂದಿತ್ತು. ತುಂಡಾಗಿದ್ದ ಒಂದು ಕೊಂಡಿಯ ಜಾಗಕ್ಕೆ ನಮ್ಮ ಚೈನು ಹಿಡಿಯುವವನು ಎತ್ತಿನ ಮೂಗುದಾರದ ಬಳೆ ಸಿಕ್ಕಿಸಿದ್ದ. "ಗಟ್ಟಿ ಇರ್ಲಿ ಅಂತ ಹಾಕ್ದೆ ಸ್ವಾಮಿ" ಅಂದ. ನಂಜುಂಡಯ್ಯನವರು, "ಗಟ್ಟಿಯಾಗೇ ಅದೆ ಕಣಪ್ಪ, ಊರ್ನೇ ಎಳ್ಕೊಂಡ್ಬುಟ್ಟದೆ" ಅಂದರು.

ಕೆ.ಆರ್. ಪೇಟೆಯ ಸಿಂಧಘಟ್ಟದಲ್ಲಿ ಮೂವರು ಅಣ್ಣತಮ್ಮಂದಿರು ಮನೆಯ ಹಿತ್ತಿಲು ಪಾಲು ಮಾಡಿಕೊಂಡರು. ಹಿತ್ತಿಲು ಸರಿಯಾಗಿ ಒಂದು ಗುಂಟೆ. ಹದಿನಾರು ಆಣೆಯನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಐದು ಆಣೆ, ಮೇಲೆ ಒಂದು ಆಣೆಯಲ್ಲಿ ಮೂರನೇ ಒಂದು ಪಾಲು. ಆ ಮೂರನೇ ಒಂದನ್ನು ನೆಲದ ಮೇಲೆ ತೋರಿಸು ಎಂದು ದೊಡ್ಡಣ್ಣ ಪಟ್ಟು ಹಿಡಿದ. ನಾನು ತೋರಿಸಲು ಸಿದ್ಧನಿದ್ದೆ. ನೋಡಲು ಅವರು ಸಿದ್ಧರಿರಲಿಲ್ಲ. ಜಗಳ ಬಿಸಿಲು ಇಳಿಯುವ ತನಕ ನಡೆಯಿತು. ಆಗ ಕೊನೆಯ ತಮ್ಮನ ಹೆಂಡತಿ ಬಾಗಿಲ ಒಳಗಿನಿಂದಲೇ, "ಐದೈದು ತಗಳಿ. ಉಳ್ದಿರೋ ಒಂದಾಣೆನ ತಿಪ್ಪೆಗೆ ಬುಡಿ. ಕಸ ಎಲ್ರ ಮನೇಲೂ ಅದೆ" ಅಂದಳು. ಹಾಗೆಯೇ ಆಯಿತು.

ಇಂಥ ಪಾಲಿನ ಲೆಕ್ಕಗಳಿಗೆ ನಂಜುಂಡಯ್ಯನವರು ನಮಗೆಲ್ಲ ಒಂದು ಮಾತು ಬಾಯಿಪಾಠ ಮಾಡಿಸಿದ್ದರು: "ಗುಂಟೆಗೆ ಗುಂಟೆ, ಆಣೆಗೆ ಆಣೆ." ಎರಡು ಪಾಲು ಕೂಡಬೇಕಾದರೆ ಗುಂಟೆಯ ಜೊತೆ ಗುಂಟೆ ಕೂಡು, ಆಣೆಯ ಜೊತೆ ಆಣೆ ಕೂಡು. ಕಳೆಯುವಾಗಲೂ ಹಾಗೆಯೇ. ಕೂಡುವುದಕ್ಕೂ ಕಳೆಯುವುದಕ್ಕೂ ಅದರಷ್ಟು ಒಳ್ಳೆಯ ಮಾತಿಲ್ಲ. ಗುಣಿಸುವುದಕ್ಕೆ ಅದು ಹೊಂದುವುದಿಲ್ಲ ಎಂದು ಅವರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಅನ್ವರ್ ನಮ್ಮ ಜೊತೆ ಸೇರಿದ್ದು ಆ ದಿನಗಳಲ್ಲಿ. ಶ್ರೀರಂಗಪಟ್ಟಣದ ಹುಡುಗ, ತಂದೆ ಜಟಕಾ ಹೊಡೆಯುತ್ತಿದ್ದರು. ಚುರುಕು, ನಗುಮುಖ. ಲೆಕ್ಕ ಮಾಡುವಾಗ ಮಾತ್ರ ತುಟಿ ಉರ್ದುವಿನಲ್ಲಿ ಆಡುತ್ತಿತ್ತು. ನಾವು ಎರಡೂವರೆ ಅನ್ನುವಲ್ಲಿ ಅವನು ಢಾಯಿ ಅನ್ನುತ್ತಿದ್ದ, ನಾಲ್ಕೂವರೆಗೆ ಸಾಢೇ ಚಾರ್. ಯಾವುದರ ಮೇಲೆ ಕಾಲು ಬಂದರೂ ಸವಾ. ಕೆಲಸ ಕಾಯಂ ಆಗುವ ಮುಂಚೆ ಒಂದು ಅಳತೆಯನ್ನು ಅವನೇ ಪೂರ್ತಿ ಮಾಡಿ ತೋರಿಸಬೇಕಿತ್ತು. ನಂಜುಂಡಯ್ಯನವರು ಅದಕ್ಕೆ ದೇವಲಾಪುರದ ಅರ್ಜಿಯನ್ನು ಆರಿಸಿ ನನ್ನನ್ನು ಜೊತೆಗೆ ಕಳಿಸಿದರು. "ನೀನು ಕಲ್ಲಿನ ಹತ್ರ ನಿಂತ್ಕೊ, ಚೈನು ಹಿಡಿ. ಲೆಕ್ಕ ಅವನೇ ಮಾಡಲಿ. ಅವನಾಗಿ ಕರೆಯೋ ತನಕ ಕಲ್ಲು ಬಿಟ್ಟು ಬರಬೇಡ, ಬಾಯಿ ಹಾಕಬೇಡ" ಎಂದು ಎರಡು ಸಲ ಹೇಳಿದರು.

ಅರ್ಜಿ ಹಾಕಿದವರು ಕಾಳೇಗೌಡರು. ಅವರ ಹೊಲ ದಾಖಲೆಯಲ್ಲಿ ಹನ್ನೊಂದು ಗುಂಟೆ ನಾಲ್ಕು ಆಣೆ, ಅಂದರೆ ಹನ್ನೊಂದೂಕಾಲು. ತೆಂಕಲ ಪಕ್ಕದ ಹೊಲ ತಾಯಮ್ಮನದು. ಎರಡರ ನಡುವೆ ಒಂದು ಬದು. ಆ ಬದುವಿನಿಂದ ಹದಿನೈದು ಅಡಿ ಆಚೆಗೆ, ತಾಯಮ್ಮನ ಕಡೆ, ಹುಣಸೆಮರ. ಬದು ತನ್ನ ಕಡೆಗೆ ಸರಿದು ಬಂದಿದೆ, ತನ್ನ ಭೂಮಿ ಕಮ್ಮಿಯಾಗಿದೆ, ಸರಿಯಾಗಿ ಅಳೆದರೆ ಮರ ತನ್ನದೇ ಎಂಬುದು ಗೌಡರ ವಾದ. ತಾಯಮ್ಮನ ಗಂಡ ತೀರಿಹೋಗಿದ್ದರು. ಹೊಲದ ರಾಗಿ ಊಟಕ್ಕೆ. ಮಗಳು ಸುಶೀಲಳ ಓದು, ಬಟ್ಟೆ ಎಲ್ಲ ಆ ಮರದ ಹಣ್ಣಿನಿಂದ. ಗೌಡರು ಮರದ ವ್ಯಾಪಾರಿಯ ಜೊತೆ ಮೊದಲೇ ಮಾತಾಡಿಕೊಂಡಿದ್ದರು. ನಾವು ಹೋಗುವ ಹೊತ್ತಿಗೆ ಗರಗಸದ ಮರಿಯಣ್ಣ, ಜೊತೆಗೊಬ್ಬ, ಮರದ ನೆರಳಿನಲ್ಲೇ ಕುಳಿತು ಬೀಡಿ ಸೇದುತ್ತಿದ್ದರು. ಮರ ತಪ್ಪಾಗಿ ಬಿದ್ದರೆ ಅದನ್ನು ಯಾವ ಕಚೇರಿಯೂ ಎತ್ತಿ ನಿಲ್ಲಿಸಲಾರದು. ನನಗೆ ಅದೇ ದಿಗಿಲು.

ಗೌಡರ ಹೊಲ ಒಳ್ಳೆಯ ಆಯತ. ಉದ್ದ ನಾಲ್ಕೂವರೆ ಸರಪಳಿ, ಅಗಲ ಎರಡೂವರೆ. ಈ ಎರಡು ಅಳತೆ ಹಿಡಿದವನು ನಾನೇ, ಅವು ಸರಿ. ಅನ್ವರ್ ಹೋಗಿ ಮರದ ಹತ್ತಿರ ಬದುವಿನ ಮೇಲೆ ಲೆಕ್ಕಕ್ಕೆ ಕುಳಿತ. ಅಲ್ಲಿ ಆಡಿದ ಮಾತು ಅಷ್ಟು ದೂರಕ್ಕೆ ನನಗೆ ಕೇಳಿಸಲಿಲ್ಲ. ಅವನು ಮಾಡಿದ್ದೇನೆಂದು ಆಮೇಲೆ ಅವನೇ ಹೇಳಿದ. ನಾಲ್ಕೆರಡಲ ಎಂಟು. ಅರ್ಧದ ಅರ್ಧ ಕಾಲು. ಸವಾ ಆಠ್, ಎಂಟೂಕಾಲು.

ಆ ಕಾಲೇ ಅವನಿಗೆ ಮೋಸ ಮಾಡಿತು. ದಾಖಲೆಯಲ್ಲಿ ಹನ್ನೊಂದೂಕಾಲು, ಕೈಯಲ್ಲಿ ಎಂಟೂಕಾಲು. ಎರಡರ ಬಾಲವೂ ಒಂದೇ. ಉಳಿದದ್ದು ಸರಿಯಾಗಿ ಮೂರು ಗುಂಟೆ, ಆಣೆ ಹೆಚ್ಚಿಲ್ಲ, ಆಣೆ ಕಮ್ಮಿಯಿಲ್ಲ. ಅಷ್ಟು ಚೊಕ್ಕವಾಗಿ ಬಂದ ಉತ್ತರ ತಪ್ಪಿರಲಾರದು ಅಂದುಕೊಂಡ. ನೀವೂ ಅಂದುಕೊಳ್ಳುತ್ತೀರಿ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೂರು ಗುಂಟೆ ತುಂಬಿಸಲು ಬದು ಎಷ್ಟು ಸರಿಯಬೇಕು ಎಂಬುದು ಇದಕ್ಕಿಂತ ಕಷ್ಟದ ಲೆಕ್ಕ. ಅದನ್ನು ಅವನು ತಪ್ಪಿಲ್ಲದೆ ಮಾಡಿದ್ದ. ಮೂರನ್ನು ನಾಲ್ಕೂವರೆಯಿಂದ ಭಾಗಿಸಬೇಕು. ಮೂರು ಅಂದರೆ ಆರು ಅರ್ಧ, ನಾಲ್ಕೂವರೆ ಅಂದರೆ ಒಂಬತ್ತು ಅರ್ಧ. ಒಂಬತ್ತರಲ್ಲಿ ಆರು, ಅಂದರೆ ಒಂದು ಸರಪಳಿಯ ಮೂರರಲ್ಲಿ ಎರಡು ಪಾಲು, ಇಪ್ಪತ್ತೆರಡು ಅಡಿ. ಮರ ಇದ್ದದ್ದು ಹದಿನೈದು ಅಡಿಯಲ್ಲಿ.

"ಎಂಟೂಕಾಲೇ ಇರೋದು ಗೌಡ್ರೆ. ಆದರೆ ಸ್ವಲ್ಪ ತಡೀರಿ, ಇನ್ನೊಂದು ಸಲ ತಾಳೆ ನೋಡ್ತೀನಿ" ಅಂದನಂತೆ. ಗೌಡರ ಕಿವಿಗೆ ಮೊದಲ ಮಾತು ಮಾತ್ರ ಬಿತ್ತು. ಅವರು ಮರಿಯಣ್ಣನ ಕಡೆ ಕೈ ಬೀಸಿದ್ದನ್ನು ನಾನು ಕಂಡೆ. ಅಷ್ಟು ದೂರದಿಂದ ಅದು ನೀರು ತರಲು ಹೇಳಿದಂತೆ ಇತ್ತು. ತಾಯಮ್ಮ ಮರಕ್ಕೆ ಅಂಗೈ ಊರಿ ನಿಂತದ್ದು ಕಂಡಿತು. ಆಮೇಲೆ ಗರಗಸ ಕೇಳಿಸಿತು. ನಾನು ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು.

ಅನ್ವರ್ ತಾಳೆ ನೋಡಿದ್ದು ಹೀಗೆ. ಬದು ಸರಿದರೆ ಹೊಸ ಅಗಲ ಮೂರು ಸರಪಳಿ, ಮೇಲೆ ಆರರಲ್ಲಿ ಒಂದು ಪಾಲು. ಈಗ ಮತ್ತೆ ಗುಣಿಸಿದರೆ ದಾಖಲೆಯ ಹನ್ನೊಂದೂಕಾಲು ಬರಬೇಕು. ತನ್ನದೇ ಪದ್ಧತಿಯಲ್ಲಿ ಗುಣಿಸಿದ. ನಾಲ್ಕು ಮೂರಲ ಹನ್ನೆರಡು. ಅಲ್ಲಿಗೇ ಪೆನ್ನು ನಿಂತಿತು. ಹನ್ನೊಂದೂಕಾಲು ಬರಬೇಕಾದ ಕಡೆ ಚೂರುಪಾರು ಸೇರಿಸುವ ಮೊದಲೇ ಹನ್ನೆರಡು ಬಂದಿತ್ತು. ಎಲ್ಲಿ ತಪ್ಪಿದೆ ಎಂದು ಅವನಿಗೆ ಆ ಕ್ಷಣಕ್ಕೆ ತಿಳಿಯಲಿಲ್ಲ. ತಪ್ಪಿದೆ ಎಂಬುದಷ್ಟೇ ತಿಳಿಯಿತು.

ಮುಂದಿನದು ನಾನು ಕಂಡದ್ದು. ಅವನು ಬದುವಿನಿಂದ ಹಾರಿದ. ಕೈಯಲ್ಲಿ ಸರಪಳಿಯ ಗುರುತಿಗೆ ನಾವು ನೆಡುವ ಕಬ್ಬಿಣದ ಮೊಳೆ ಇತ್ತು, ಒಂದು ಮೊಳ ಉದ್ದದ್ದು. ಓಡಿದವನೇ ಅದನ್ನು ಗರಗಸ ಹೋಗುತ್ತಿದ್ದ ಸೀಳಿಗೆ ತುರುಕಿದ. ಗರಗಸ ಕಿರುಗುಟ್ಟಿ ನಿಂತಿತು. ಅವನ ಅಂಗಿಯ ತೋಳು ಹಲ್ಲಿಗೆ ಸಿಕ್ಕಿ ಹರಿಯಿತು. ಕೈಗೆ ಏನಾಯಿತೆಂದು ನನಗೆ ಕಾಣಲಿಲ್ಲ. ಆಮೇಲೆ ಅವನು ಅದೇ ಕೈಯನ್ನು ಮೇಲೆತ್ತಿ, "ಸಾರ್, ಬನ್ನಿ" ಎಂದು ಕರೆದ. ಐದು ಬೆರಳೂ ಇದ್ದವು. ನಾನು ಕಲ್ಲು ಬಿಟ್ಟು ಓಡಿದೆ.

ಹತ್ತಿರ ಹೋಗುವ ಹೊತ್ತಿಗೆ ಮರಿಯಣ್ಣ ಗರಗಸದ ಹಲ್ಲು ಸವರುತ್ತಾ, "ಎಂಥ ಕೆಲ್ಸ ಮಾಡ್ಬುಟ್ರಿ ಸಾಬ್ರೇ. ನಿಮ್ ಬೆರಳ್ಗೆ ಮೊಳೆ ಹೊಡ್ದು ಜೋಡುಸ್ಬೇಕಾಗಿತ್ತು" ಅನ್ನುತ್ತಿದ್ದ.

ಕಾಳೇಗೌಡರು ರೇಗಿದ್ದರು. "ಈಗ್ತಾನೆ ಎಂಟೂಕಾಲು ಅಂದ್ರಿ. ಈಗ ಅಲ್ಲ ಅಂತೀರಿ. ಲೆಕ್ಕ ಅಂದ್ರೆ ಎಮ್ಮೆ ಕೊಂಬಾ, ಅತ್ತಾಗೊಂದು ಇತ್ತಾಗೊಂದು ಇರಕೆ?"

"ತಪ್ಪು ನಂದೇ ಗೌಡ್ರೆ. ಎಲ್ಲಿ ಅಂತ ಹುಡುಕ್ತೀನಿ, ಮರ ಮಾತ್ರ ಮುಟ್ಟಬೇಡಿ" ಅಂದ ಅನ್ವರ್. ನನ್ನ ಕಡೆ ತಿರುಗಿ ಲೆಕ್ಕ ಹೇಳಿದ. ಕೇಳಿದ ಕೂಡಲೆ ನನಗೆ ತಿಳಿಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕಾಲಿನ ತುದಿಯಿಂದ ಮಣ್ಣಿನ ಮೇಲೆ ಹೊಲದ ಚೌಕ ಗೀಚುತ್ತಿದ್ದ. ಉದ್ದಕ್ಕೆ ನಾಲ್ಕು ಮನೆ ಹಾಕಿ ಒಂದು ಅರ್ಧ ಮನೆ, ಅಗಲಕ್ಕೆ ಎರಡು ಮನೆ ಹಾಕಿ ಒಂದು ಅರ್ಧ. ಗೀಚುತ್ತಾ ಗೀಚುತ್ತಾ ನಿಧಾನವಾದ. ಆಮೇಲೆ ತಲೆ ಎತ್ತಿ, "ಸಾರ್, ಅಂಚು ಬಿಟ್ಟಿದ್ದೀನಿ" ಅಂದ. ನಾನು ಹೇಳಿಕೊಡಲಿಲ್ಲ, ಹೇಳಿಕೊಡುವುದು ಉಳಿದಿರಲಿಲ್ಲ.

"ನಂಗೆ ಕಾಗ್ದದ್ ಲೆಕ್ಕ ಬ್ಯಾಡ, ಮಣ್ಣಿನ್ ಗೀಟೂ ಬ್ಯಾಡ" ಅಂದರು ಗೌಡರು.

"ಬೇಡ ಗೌಡ್ರೆ. ಎಂಟು ಜನ ದೊಡ್ಡೋರು ಕೊಡಿ, ಆರು ಜನ ಮಕ್ಕಳು ಕೊಡಿ. ಹೊಲದಲ್ಲೇ ತೋರಿಸ್ತೀನಿ."

ಜನ ಸೇರಿಯೇ ಇದ್ದರು. ಮರಕ್ಕೆ ಗರಗಸ ಬಿದ್ದರೆ ಊರಿಗೆ ಗೊತ್ತಾಗದೆ ಇರುವುದಿಲ್ಲ. ಸರಪಳಿ ಎಳೆದು ಒಂದೊಂದು ಸರಪಳಿಗೆ ಮೊಳೆ ನೆಟ್ಟೆವು. ಮೊಳೆಯಿಂದ ಮೊಳೆಗೆ ರಾಗಿಹುಲ್ಲು ಉದ್ದಕ್ಕೂ ಹಾಸಿದೆವು. ಹೊಲದ ತುಂಬ ಮನೆಗಳಾದವು. ಪೂರ್ತಿ ಗುಂಟೆಯ ಮನೆಗೊಬ್ಬರು ದೊಡ್ಡವರು. ಮೊದಲನೆಯದರಲ್ಲಿ ಗೌಡರನ್ನೇ ನಿಲ್ಲಿಸಿದ ಅನ್ವರ್. ಅವರ ಪಕ್ಕದ ಮನೆಗೆ ತಾಯಮ್ಮ. ಮರಿಯಣ್ಣ, ಅವನ ಜೊತೆಗಾರ, ಗೌಡರ ಹೆಂಡತಿ, ದಾರಿಯಲ್ಲಿ ಹೋಗುತ್ತಿದ್ದ ಮೂವರು. ಎಂಟಾಯಿತು. ಗೌಡರ ಹೆಂಡತಿ ಸ್ವಲ್ಪ ದಪ್ಪ. "ನಮ್ಮವ್ವುಂಗೆ ಒಂದ್ ಗುಂಟೆ ಸಾಲ್ದು ಕಣಪ್ಪೋ" ಅಂದ ದಾರಿಹೋಕರಲ್ಲೊಬ್ಬ. "ನಿನ್ ನಾಲಿಗ್ಗೆ ಎಕ್ರೆ ಸಾಲಲ್ಲ, ತೆಪ್ಗೆ ನಿಂತ್ಕ" ಅಂದರು ಆಕೆ.

ಉಳಿದದ್ದು ಎರಡು ಅಂಚು. ಉದ್ದದ ಅಂಚಿನಲ್ಲಿ ನಾಲ್ಕು ಅರ್ಧ ಮನೆ, ಅಗಲದ ಅಂಚಿನಲ್ಲಿ ಎರಡು. ಅಲ್ಲಿ ಮಕ್ಕಳನ್ನು ನಿಲ್ಲಿಸಿದ.

"ನಾನ್ಯಾಕೆ ಅರ್ಧ?" ಅಂದಳು ಸುಶೀಲ.

"ಬಸ್ಸಲ್ಲಿ ನಿಂಗೆ ಅರ್ಧ ಟಿಕೀಟು ತಾನೇ? ನಿಂತ್ಕ" ಅಂದ ಮರಿಯಣ್ಣ ತನ್ನ ಗುಂಟೆಯಿಂದಲೇ.

ಕೊನೆಗೆ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಉಳಿಯಿತು, ಅರ್ಧಕ್ಕೆ ಅರ್ಧ. ಅಲ್ಲಿಗೆ ಒಂದು ಮೇಕೆಮರಿ ಕಟ್ಟಿದರು. "ಕಾಲ್ ಗುಂಟೆಗೆ ನಾಲ್ಕ್ ಕಾಲು, ಇದ್ಯಾವ್ ಲೆಕ್ಕವೋ" ಎಂದು ಯಾರೋ ಅಂದರು. ಗೌಡರೂ ನಕ್ಕರು, ನಕ್ಕದ್ದು ತಿಳಿದು ತಕ್ಷಣ ಮುಖ ಬಿಗಿದುಕೊಂಡರು.

"ಎಣಿಸಿ ಗೌಡ್ರೆ. ನಾನು ಎಣಿಸೋಲ್ಲ" ಅಂದ ಅನ್ವರ್.

ಗೌಡರು ಬೆರಳು ಮಾಡಿ ಎಣಿಸಿದರು. ದೊಡ್ಡವರು ಎಂಟು. ಮಕ್ಕಳು ಇಬ್ಬರಿಗೊಂದು, ಇನ್ನಿಬ್ಬರಿಗೊಂದು, ಮತ್ತಿಬ್ಬರಿಗೊಂದು. ಹನ್ನೊಂದು. ಮೇಕೆಮರಿಯ ಹತ್ತಿರ ಬಂದು ನಿಂತರು. ಅದು ಹುಲ್ಲಿನ ಗೆರೆಯನ್ನೇ ತಿನ್ನುತ್ತಿತ್ತು. "ಹನ್ನೊಂದೂಕಾಲು" ಅಂದರು, ತಮಗೇ ಕೇಳಿಸುವಷ್ಟು ಮೆಲ್ಲಗೆ. ಆ ಸಂಖ್ಯೆ ಅವರಿಗೆ ಅವರ ತಾತನ ಬಾಯಿಂದ ಬಂದದ್ದು. ಅವರ ಭೂಮಿ ಅವರ ಕಾಲಡಿಯಲ್ಲೇ ಪೂರ್ತಿ ಇತ್ತು. ಬದು ಸರಿದೇ ಇರಲಿಲ್ಲ.

ಆಗ ತಾಯಮ್ಮ ಮಾತಾಡಿದಳು. "ಸಾಬ್ರೇ, ನೀವು ಐಕ್ಳುನ್ನ ಎಣ್ಸಿರ್ಲಿಲ್ಲ ಕಣಪ್ಪ" ಅಂದಳು. ಸಿಟ್ಟಿಲ್ಲ, ಕೊಂಕಿಲ್ಲ. ಎಂಟು ಜನ ದೊಡ್ಡವರು ಮತ್ತು ಒಂದು ಮೇಕೆ, ಅವನ ಎಂಟೂಕಾಲು ಅದೇ. ಬಿಟ್ಟುಹೋದ ಮೂರು ಗುಂಟೆ ಆ ಆರು ಮಕ್ಕಳ ಕಾಲ ಕೆಳಗೆ ಇತ್ತು. ಮೂವತ್ತು ವರ್ಷ ಕೆಲಸ ಮಾಡಿದ ನಾನು ಈ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಕೇಳಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ. ಪೂರ್ಣವನ್ನು ಪೂರ್ಣದಿಂದ ಗುಣಿಸಿದಿರಿ, ಚೂರನ್ನು ಚೂರಿನಿಂದ ಗುಣಿಸಿದಿರಿ. ಈ ಪೂರ್ಣಕ್ಕೂ ಆ ಚೂರಿಗೂ ನಡುವೆ ಹುಟ್ಟಿದ್ದನ್ನು ಎಣಿಸಿದಿರಾ ನೋಡಿಕೊಳ್ಳಿ. ಅಥವಾ ಎಲ್ಲವನ್ನೂ ಅರ್ಧ ಮಾಡಿಕೊಳ್ಳಿ. ಒಂಬತ್ತು ಅರ್ಧ, ಐದು ಅರ್ಧ, ಒಂಬತ್ತೈದಲ ನಲವತ್ತೈದು, ಅಂದರೆ ನಲವತ್ತೈದು ಕಾಲುಗಳು. ನಾಲ್ಕರಿಂದ ಭಾಗಿಸಿದರೆ ಹನ್ನೊಂದೂಕಾಲು. ಏನೂ ಬಿಟ್ಟುಹೋಗುವುದಿಲ್ಲ.

ಕಾಳೇಗೌಡರು ಕೆಟ್ಟವರಲ್ಲ, ಆತುರದವರು. ಸ್ವಲ್ಪ ಹೊತ್ತು ಬದುವಿನ ಮೇಲೆ ಕುಳಿತಿದ್ದು ಎದ್ದು ಹೋಗಿ, ತಮ್ಮ ಕೊಟ್ಟಿಗೆಯ ಸಗಣಿಯನ್ನೇ ಹುತ್ತದ ಮಣ್ಣಿಗೆ ಕಲಸಿಕೊಂಡು ಬಂದರು. ಮರದ ಸೀಳಿಗೆ ಮೆತ್ತಿದ್ದು ಅವರೇ. ತಾಯಮ್ಮ ಪಕ್ಕದಲ್ಲಿ ನಿಂತು, "ಇನ್ನೂ ವಸಿ ಒಳಿಕ್ ತುಂಬಣ್ಣ" ಅನ್ನುತ್ತಿದ್ದಳು. ಮರಿಯಣ್ಣ ಗೋಣಿದಾರ ಸುತ್ತಿದ. ಮುಂದಿನ ಸುಗ್ಗಿಗೆ ಮರ ಹಣ್ಣು ಕೊಟ್ಟಿತು. ಸುಶೀಲಳ ಓದು ನಿಲ್ಲಲಿಲ್ಲ.

ಪಾಂಡವಪುರದ ನಮ್ಮ ಕಚೇರಿಗೆ ಹಿಂದಿರುಗಿ ಅನ್ವರ್ ನಡೆದದ್ದನ್ನೆಲ್ಲ ತಾನೇ ಹೇಳಿದ. ಕೆಲಸ ಹೋಯಿತೆಂದೇ ಅಂದುಕೊಂಡಿದ್ದ. ನಂಜುಂಡಯ್ಯನವರು ಕನ್ನಡಕ ತೆಗೆದು ಒರೆಸಿ, "ತಾಳೆ ನೋಡಿದೆಯಲ್ಲ" ಅಂದರು. ಅಲ್ಲಿಂದ ಮುಂದೆ ಹೊಸಬರು ಬಂದಾಗಲೆಲ್ಲ ಕಚೇರಿಯ ಅಂಗಳದಲ್ಲಿ ಗೆರೆ ಹಾಕಿಸಿ ಗುಮಾಸ್ತರನ್ನು ಪೂರ್ತಿ ಮನೆಗಳಲ್ಲೂ ಹೊಸಬರನ್ನು ಅರ್ಧದಲ್ಲೂ ನಿಲ್ಲಿಸುತ್ತಿದ್ದರು.

ಆಮೇಲೆ ಕ್ಯಾಲ್ಕುಲೇಟರು ಬಂತು. ನಾಲ್ಕೂವರೆಯನ್ನು ಎರಡೂವರೆಯಿಂದ ಗುಣಿಸು ಎಂದರೆ ಅದು ಅಂಚು ಬಿಡುವುದಿಲ್ಲ. ಬೇರೆ ತಪ್ಪು ಹುಟ್ಟಿತು. ಹನ್ನೊಂದು ಗುಂಟೆ ನಾಲ್ಕು ಆಣೆಯನ್ನು ಹನ್ನೊಂದು ಚುಕ್ಕೆ ನಾಲ್ಕು ಎಂದು ಬರೆಯುವವರು ಬಂದರು. ಹದಿನಾರರಲ್ಲಿ ನಾಲ್ಕು ಎಂದರೆ ಕಾಲು ಭಾಗ. ಹತ್ತರಲ್ಲಿ ನಾಲ್ಕು ಎಂದರೆ ಕಾಲು ಭಾಗವಲ್ಲ. ಯಂತ್ರ ನೀವು ಒತ್ತಿದ್ದನ್ನು ನಂಬುತ್ತದೆ. ಹೊಲಕ್ಕೆ ಇಳಿದು ಒಮ್ಮೆ ನಡೆದು ನೋಡಿ.

ನಾನು ಹೇಳಿದ್ದರಲ್ಲಿ ಸಂಶಯ ಬಂದವರು ಕೇಳಬಹುದು. ತಾಯಮ್ಮ ಈಗಿಲ್ಲ, ನಂಜುಂಡಯ್ಯನವರೂ ಇಲ್ಲ. ಅನ್ವರ್ ನಿವೃತ್ತಿಗೆ ಹತ್ತಿರವಾಗಿ ಶ್ರೀರಂಗಪಟ್ಟಣದಲ್ಲೇ ಇದ್ದಾನೆ. ಸುಶೀಲ ನಾಗಮಂಗಲದಲ್ಲಿ ನರ್ಸು. ಮರ ಈಗ ಅವಳ ಹೆಸರಿನಲ್ಲಿದೆ. ಕಾಳೇಗೌಡರಿಗೆ ಕಿವಿ ಮಂದ, ಜೋರಾಗಿ ಕೇಳಿದರೆ ಹೇಳುತ್ತಾರೆ. ದೇವಲಾಪುರದಲ್ಲಿ ಮರಿಯಣ್ಣ ಇದ್ದಾರೆ. ಗರಗಸ ಮರದೊಳಕ್ಕೆ ನಾಲ್ಕು ಬೆರಳು ಹೋಗಿತ್ತು ಎಂದು ನಾನು. ಅಲ್ಲ, ಮೂರೂವರೆ ಎಂದು ಅವರು. ಇದೊಂದರಲ್ಲಿ ಅವರ ಮಾತನ್ನೇ ಹಿಡಿಯಿರಿ. ಗರಗಸ ಇದ್ದದ್ದು ಅವರ ಕೈಯಲ್ಲಿ. ನಾನು ಇದ್ದದ್ದು ಕಲ್ಲಿನ ಹತ್ತಿರ.